ನಿಮಗಿದು ಗೊತ್ತೆ?: ವಿಹಾರನೌಕೆಯ ಬಚ್ಚಲ ನೀರು
ಸೀತಾ-ಸುವರ್ಣಾ ನದಿಗಳು ಕಡಲನ್ನು ಸೇರುವ ಕೋಡಿಬೆಂಗ್ರೆಯ ಆಸುಪಾಸಿನ ಹಿನ್ನೀರಿನಲ್ಲಿ ತೇಲುವಂತಹ ವಿಹಾರನೌಕೆಗಳಲ್ಲಿ, ಪಾತ್ರೆ ತೊಳೆಯುವ ಸಿಂಕು ಜಲಮಟ್ಟಕ್ಕಿಂತ ಮೇಲಿದ್ದರೆ ಅದರ ನೀರು ತಾನಾಗಿಯೇ ಇಳಿದು ಹೋಗಬಲ್ಲುದು. ಸ್ನಾನಗೃಹದ ನೆಲವು ಜಲಮಟ್ಟಕ್ಕಿಂತ ಕೆಳಗಿದ್ದು, ಅಲ್ಲಿಯೇ ರಂಧ್ರವೊಂದನ್ನು ಕೊರೆದೆವಾದರೆ, ಬಚ್ಚಲ ನೀರು ಹೊರಹೋಗುವುದಕ್ಕೆ ಬದಲಾಗಿ ಹೊಳೆಯೇ ಒಳನುಗ್ಗುವುದು.

ಆದಕಾರಣ ಆ ನೀರನ್ನು ನೆಲದಡಿಯ ಚಿಕ್ಕ ಪೆಟ್ಟಿಗೆಯೊಂದರಲ್ಲಿ ಸಂಗ್ರಹಿಸಿ, ಪಂಪಿನಿಂದ ಮೇಲೆತ್ತುವರು. ನೌಕೆಗಳ ಶೌಚಜಲವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಮಾರ್ಪೋಲ್ ಒಡಂಬಡಿಕೆಯ 4ನೆಯ ಅನುಬಂಧದಲ್ಲಿ ಬಚ್ಚಲ ನೀರು ಸೇರಿಲ್ಲ; ಆದರೂ ಕಪ್ಪೆಚಿಪ್ಪನ್ನು ಹೆಕ್ಕಿ ಜೀವಿಸುವ ಜನರುಳ್ಳ ಈ ಅಳಿವೆಗಳಲ್ಲಿ ಸಾಬೂನಿನ ನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು ದಡದಲ್ಲಿ ವಿಲೇವಾರಿ ಮಾಡುವುದೇ ಯೋಗ್ಯವೆಂದು ನಮ್ಮ ದೃಢವಾದ ಅಭಿಪ್ರಾಯ.

ಪೆಟ್ಟಿಗೆಯೊಳಗೆ ನೀರೇರಿದಂತೆ ಮೇಲೆದ್ದು ಪಂಪನ್ನು ಚಾಲನೆಗೊಳಿಸುವ ತೇಲುಬುರುಡೆಯ ಸ್ವಿಚ್ಚಿಗೆ ಕೂದಲೂ ಸಾಬೂನಿನ ಜಿಡ್ಡೂ ಪರಮಶತ್ರುಗಳು. ಅವನ್ನು ತಡೆಯುವ ಜಾಲರಿಯನ್ನು ಆಗಾಗ್ಗೆ ತೆಗೆದು ತೊಳೆಯದಿದ್ದಲ್ಲಿ ಬುರುಡೆಯು ಮೇಲೆಯೇ ಸಿಕ್ಕಿಕೊಂಡು, ಪಂಪು ನೀರಿಲ್ಲದೆ ತಿರುಗಿ ತಿರುಗಿ ಸುಟ್ಟುಹೋದೀತು.