‘ನೋಡೋಣ್ರಿ’ ಅಂದ್ರೆ ಹೌದೋ, ಇಲ್ಲೋ?

ವಿಜಯಪುರ ಜಿಲ್ಲೆಯಲ್ಲಿ ಸೇಲ್ಸ್ ಕೆಲಸ ಮಾಡುವ ಹುಡುಗರಿಗೆ ಅತಿ ಹೆಚ್ಚು ಪೆಟ್ರೋಲ್ ಖರ್ಚು ಮಾಡಿಸುವ ಪದ ಯಾವುದು ಗೊತ್ತಾ? ‘ನೋಡೋಣ್ರಿ’. ಅಂಗಡಿಯವರು ನಗುತ್ತಲೇ ಹೇಳ್ತಾರೆ, ಚಹಾನೂ ಕುಡಿಸ್ತಾರೆ. ಹುಡುಗ ಖುಷಿಯಾಗಿ ಡೈರಿಯಲ್ಲಿ ‘ಇಂಟರೆಸ್ಟೆಡ್’ ಅಂತ ಬರ್ಕೊಂಡು ಹೋಗ್ತಾನೆ. ಮುಂದಿನ ವಾರ ಮತ್ತೆ ಬರ್ತಾನೆ. ಮತ್ತೆ ಚಹಾ, ಮತ್ತೆ ‘ನೋಡೋಣ್ರಿ’. ಮೂರನೇ ಸಲ ಅವನ ಬೈಕ್ ಕಂಡ ಕೂಡಲೇ ಅಂಗಡಿಯವರು ಫೋನ್ ಕಿವಿಗೆ ಹಚ್ಚಿಕೊಂಡು ಒಳಗೆ ನಡೀತಾರೆ.

ನಾನು ಸೇಲ್ಸ್‌ನವನಲ್ಲ. ಎಂಜಿನಿಯರಿಂಗ್ ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. ಸಣ್ಣ ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡುವ ಪುಟ್ಟ ಟೀಮ್‌ನಲ್ಲಿ ಕೋಡ್ ಬರೆಯೋದು ನನ್ನ ಪಾಲಿನ ಕೆಲಸ. ಆದ್ರೆ ‘ಆ ಕಡೆ ಭಾಷೆ ನಿನಗೇ ಬರೋದು’ ಅಂತ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ರೌಂಡಿಗೆ ನನ್ನನ್ನೂ ಎಳ್ಕೊಂಡು ಹೋಗ್ತಾರೆ. ಲ್ಯಾಪ್‌ಟಾಪ್ ಹಿಡಿದು ಕೌಂಟರ್ ಪಕ್ಕದ ಸ್ಟೂಲ್ ಮೇಲೆ ಕೂತವನ ಕಡೆ ಯಾರೂ ಹೆಚ್ಚು ಲಕ್ಷ್ಯ ಕೊಡಲ್ಲ. ಹಾಗಾಗಿ ಮಾರುವವರ ಮಾತು, ಕೊಳ್ಳುವವರ ಮಾತು ಎರಡೂ ಕಿವಿಗೆ ಬೀಳುತ್ತೆ. ಯೂಟ್ಯೂಬ್‌ನ ಸೇಲ್ಸ್ ಗುರುಗಳು ಹೇಳುವ ‘ಕಾನ್ಫಿಡೆನ್ಸ್’ ನಮ್ಮ ಕಡೆ ಹುಡುಗರಿಗೆ ಏನೂ ಕಮ್ಮಿ ಇಲ್ಲ. ವ್ಯಾಪಾರ ಕೆಡೋದು ಅಂಕಿ, ತಾರೀಖು, ‘ಇಲ್ಲ’ ಅನ್ನೋ ಮಾತು, ಈ ಮೂರನ್ನು ಬಾಯಿ ಬಿಟ್ಟು ಹೇಳದೇ ಇರೋದ್ರಿಂದ.

‘ನೋಡೋಣ್ರಿ’ ಬಹುತೇಕ ಸಲ ‘ಬೇಡ’ ಅಂತಲೇ ಅರ್ಥ. ಮನೆ ಬಾಗಿಲಿಗೆ ಬಂದವರಿಗೆ ಮುಖದ ಮೇಲೆ ಇಲ್ಲ ಅನ್ನೋದು ನಮ್ಮ ಕಡೆ ಒರಟುತನ. ಹಾಗಾಗಿ ‘ಇಲ್ಲ’ ಅನ್ನೋಕೆ ನೀವೇ ದಾರಿ ಮಾಡಿ ಕೊಡಬೇಕು. ನಮ್ಮ ಟೀಮ್‌ನ ಒಬ್ಬ ಹುಡುಗ ಎದ್ದು ಹೊರಡುವ ಮುಂಚೆ ತಪ್ಪದೇ ಹೇಳ್ತಾನೆ: ‘ಅಣ್ಣಾರ, ಬ್ಯಾಡ ಅಂದ್ರ ಬ್ಯಾಡ ಅನ್ರಿ, ನನಗೇನೂ ಬ್ಯಾಸರ ಇಲ್ಲ. ಬೇಕು ಅನ್ನಿಸಿದ್ರ ಯಾವತ್ತ ಬರ್ಲಿ ಹೇಳ್ರಿ.’ ಇದನ್ನ ಕೇಳಿದ ಮೇಲೆ ಕೆಲವರು ನಿರಾಳವಾಗಿ ‘ಸದ್ಯ ಬ್ಯಾಡ್ರಿ’ ಅಂತಾರೆ, ಅಲ್ಲಿಗೆ ಮೂರು ಟ್ರಿಪ್ ಉಳೀತು. ಇನ್ನು ಕೆಲವರು ನಿಜವಾದ ಕಾರಣ ಹೇಳ್ತಾರೆ: ‘ತಮ್ಮನ್ನ ಕೇಳಬೇಕ್ರಿ’, ‘ಕಂಪ್ಯೂಟರ್ ನೋಡೋ ಹುಡುಗ ಕೆಲಸ ಬಿಟ್ಟಾನ್ರಿ’. ಕಾರಣ ಗೊತ್ತಾದ ಮೇಲಷ್ಟೇ ಮಾರಾಟದ ಮಾತು ಶುರು. ಅಲ್ಲಿವರೆಗೆ ನಡೆದದ್ದು ಬರೀ ಚಹಾ.

ಫೋನ್ ಮಾಡುವ ಹೊತ್ತು

ಬೆಂಗಳೂರಿನ ಕಾಲ್ ಸೆಂಟರ್ ಸ್ಕ್ರಿಪ್ಟ್ ‘ತಮ್ಮೊಂದಿಗೆ ಎರಡು ನಿಮಿಷ ಮಾತನಾಡಬಹುದೇ’ ಅಂತ ಶುರುವಾಗುತ್ತೆ. ಇಲ್ಲಿ ಅದನ್ನ ಕೇಳಿದವರು ಬ್ಯಾಂಕಿನವರೋ ಮೋಸದವರೋ ಅಂತ ಕಟ್ ಮಾಡ್ತಾರೆ. ‘ನಮಸ್ಕಾರ್ರಿ, ನಾನು ಇಂಥವರ ಅಂಗಡಿಯಿಂದ, ನಿನ್ನೆ ಬಂದಿದ್ದೆ ನೋಡ್ರಿ’ ಅಂದ್ರೆ ಸಾಕು. ಆ ‘ರೀ’ಯಲ್ಲೇ ಬೇಕಾದಷ್ಟು ಮರ್ಯಾದೆ ಇದೆ, ಅದರ ಮೇಲೆ ‘ಸರ್’ ಅಂಟಿಸೋ ಅಗತ್ಯ ಇಲ್ಲ. ಕರೆಯುವಾಗ ಅಣ್ಣಾರ, ಅಕ್ಕಾರ, ಕಾಕಾ ಚೆನ್ನಾಗಿ ನಡೆಯುತ್ತೆ. ಆದರೆ ದೊಡ್ಡ ಮನೆ ಕಂಡ ಕೂಡಲೇ ‘ಗೌಡ್ರ’ ಅನ್ನೋ ಚಾಳಿ ಬಿಟ್ಟುಬಿಡಿ. ಹಾಗೆ ಕರೆಸಿಕೊಂಡವರು ಗೌಡರಲ್ಲದಿದ್ರೆ ಇಬ್ಬರಿಗೂ ಮುಜುಗರ.

ಇನ್ನು ಹೊತ್ತು. ರೈತರಿಗೆ ಏನಾದ್ರೂ ಮಾರೋರು ಆ ಊರಿಗೆ ಹೆಸ್ಕಾಂ ತ್ರೀಫೇಸ್ ಕರೆಂಟ್ ಯಾವ ಪಾಳಿಯಲ್ಲಿ ಕೊಡ್ತಿದೆ ಅಂತ ಮೊದಲು ಕೇಳ್ಕೊಳ್ಳಿ. ಕರೆಂಟ್ ಇದ್ದಾಗ ಆ ಮನುಷ್ಯ ಮೋಟಾರ್ ಹಚ್ಚಿ ನೀರು ತಿರುವುತ್ತಾ ಇರ್ತಾರೆ, ಫೋನ್ ಬದುವಿನ ಮೇಲೆ ಇರುತ್ತೆ. ಕಿರಾಣಿ ಅಂಗಡಿಗಾದ್ರೆ ಸಂತೆ ದಿನ ಬಿಟ್ಟು ಮಧ್ಯಾಹ್ನ ಒಳ್ಳೇದು. ಅಪರಿಚಿತ ನಂಬರ್‌ನಿಂದ ನಾಲ್ಕು ಸಲ ಕಾಲ್ ಮಾಡೋದಕ್ಕಿಂತ ಹೆಸರು, ಊರು, ವಿಷಯ ಬರೆದ ಒಂದು ಸಾಲಿನ ಮೆಸೇಜ್ ಮೊದಲು ಹೋಗಲಿ.

ಟವೆಲ್ ಕೆಳಗಿನ ಲೆಕ್ಕ

ಸಂಕ್ರಾಂತಿ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಹೋಗಿದ್ರೆ ಅಲ್ಲಿನ ಚೌಕಾಶಿ ನೋಡಿರ್ತೀರಿ. ಉತ್ತರ ಕರ್ನಾಟಕದ ಇಂಥ ಸಂತೆಗಳಲ್ಲಿ ಎತ್ತಿನ ರೇಟನ್ನು ಬಾಯಲ್ಲಿ ಹೇಳದೆ ಟವೆಲ್ ಮುಚ್ಚಿ, ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಹೇಳುವ ಪದ್ಧತಿ ಹಳೇದು. ಸುತ್ತ ನಿಂತ ಇಪ್ಪತ್ತು ಜನಕ್ಕೆ ಏನೂ ತಿಳಿಯಲ್ಲ, ಆದರೆ ಟವೆಲ್ ಕೆಳಗಿರುವ ಇಬ್ಬರಿಗೆ ಅಂಕಿಯಲ್ಲಿ ಒಂದಿಷ್ಟೂ ಗೊಂದಲ ಇರಲ್ಲ. ಕಡಿಮೆಗೆ ಕೇಳಿದವನ ಮಾನವೂ ಹೋಗಲ್ಲ, ಕಡಿಮೆಗೆ ಕೊಟ್ಟವನದ್ದೂ ಹೋಗಲ್ಲ.

ನನ್ನ ಪ್ರಕಾರ ನಮ್ಮ ಕಡೆಯ ಅತ್ಯುತ್ತಮ ಕಮ್ಯುನಿಕೇಶನ್ ಕ್ಲಾಸ್ ಅದು. ವಾಟ್ಸ್‌ಆ್ಯಪ್ ಬಂದ ಮೇಲೆ ನಾವು ಅದನ್ನ ಪೂರಾ ತಿರುವಿ ಹಾಕಿದ್ದೇವೆ. ರೇಟ್ ಕೇಳಿದ್ರೆ ‘ಕಾಲ್ ಮಾಡಿ’ ಅಂತೀವಿ, ಬಾಕಿ ಕೇಳೋದನ್ನ ಮಾತ್ರ ಊರಿಗೇ ಕಾಣೋ ಹಾಗೆ ಕೇಳ್ತೀವಿ.

ಗೊಬ್ಬರ, ಬೀಜದ ಅಂಗಡಿಯೊಬ್ಬರು ಉದ್ರಿ ಉಳಿಸಿಕೊಂಡವರ ಹೆಸರು, ಮೊತ್ತ ಬರೆದು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದ್ದನ್ನ ಕಂಡಿದ್ದೇನೆ. ಎರಡೇ ದಿನಕ್ಕೆ ಇಬ್ಬರು ದುಡ್ಡು ತಂದು ಕೌಂಟರ್ ಮೇಲೆ ಒಗೆದು ಹೋದರು. ಅವರಿಬ್ಬರೂ, ಅವರ ಬೀಗರೂ, ಅವರ ಓಣಿಯವರೂ ಆಮೇಲೆ ಆ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ಆದರೆ ಆ ಅಂಗಡಿಯವರನ್ನೂ ಸುಮ್ಮನೆ ಬೈಯೋ ಹಾಗಿಲ್ಲ. ವಿಜಯಪುರದ ಡಿಸ್ಟ್ರಿಬ್ಯೂಟರ್‌ಗೆ ಅವರು ವಾರಗಳ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು, ಅವರಿಗೆ ಬರೋದು ಆರು ತಿಂಗಳ ಮೇಲೆ. ಮಧ್ಯದ ಅಂತರಕ್ಕೆ ಬಡ್ಡಿ, ಬಡ್ಡಿ ಕಟ್ಟೋಕೆ ಹೆಂಡತಿಯ ಬಂಗಾರ. ತಾಲ್ಲೂಕು ಪೇಟೆಯಲ್ಲಿ ಅಂಗಡಿ ಮುಚ್ಚೋದು ಗಿರಾಕಿ ಇಲ್ಲದೇ ಇದ್ದಾಗ ಮಾತ್ರ ಅಲ್ಲ, ತುಂಬಾ ಗಿರಾಕಿ ಇದ್ದಾಗಲೂ ಮುಚ್ಚುತ್ತೆ.

ಇನ್ನೊಂದು ವಿಚಿತ್ರ ನೋಡಿ. ನಿಮ್ಮಲ್ಲಿ ಉದ್ರಿ ಇಟ್ಟವನು ನಿಮ್ಮ ಅಂಗಡಿ ಮುಂದೆ ಹಾಯೋಕೆ ನಾಚಿಕೊಂಡು ಬೇರೆ ದಾರಿ ಹಿಡೀತಾನೆ, ಕೈಯಲ್ಲಿ ನಗದು ಇದ್ದ ದಿನ ಪಕ್ಕದ ಅಂಗಡಿಗೆ ಹೋಗ್ತಾನೆ. ಅಂದ್ರೆ ನಿಮ್ಮ ದುಡ್ಡೂ ಹೋಯ್ತು, ಅವನ ನಗದು ವ್ಯಾಪಾರವೂ ಹೋಯ್ತು. ಕಾರಣ ಬಡತನಕ್ಕಿಂತ ಹೆಚ್ಚಾಗಿ ಮಾತು ನಿಂತುಹೋದದ್ದು.

ಹಾಗಾದ್ರೆ ಹೇಗೆ ಕೇಳಬೇಕು? ಮೊದಲನೇದಾಗಿ, ಉದ್ರಿ ಕೊಡುವ ದಿನವೇ ವಾಪಸ್ ಕೊಡುವ ದಿನದ ಮಾತಾಡಿ. ಅದೂ ಅವರ ದುಡ್ಡಿನ ಕ್ಯಾಲೆಂಡರ್ ಪ್ರಕಾರ. ‘ತಿಂಗಳ ಕೊನೆಗೆ ಕೊಡ್ರಿ’ ಅನ್ನೋದು ಸಂಬಳದವರ ಭಾಷೆ. ಶಾಲೆ ಮಾಸ್ತರರಿಗೆ ಅದು ಸರಿ, ಸಿಂದಗಿಯ ತೊಗರಿ ರೈತರಿಗೆ ಅರ್ಥವಿಲ್ಲದ ಮಾತು. ಅವರ ಕೈಗೆ ದುಡ್ಡು ಬರೋದು ಡಿಸೆಂಬರ್, ಜನವರಿಯಲ್ಲಿ ರಾಶಿ ಆದ ಮೇಲೆ. ಹಿಂಗಾರಿ ಜೋಳದವರಿಗೆ ಫೆಬ್ರವರಿ, ಮಾರ್ಚ್ ಆಗಬೇಕು. ದ್ರಾಕ್ಷಿಯವರಿಗೆ ಇನ್ನೂ ಸ್ವಲ್ಪ ತಡ, ಒಣದ್ರಾಕ್ಷಿ ಮಾಡೋರಾದ್ರೆ ಮತ್ತಷ್ಟು. ಕಬ್ಬಿನ ಬಿಲ್ 14 ದಿನದೊಳಗೆ ಕೊಡಬೇಕು ಅಂತ 1966ರ ಆದೇಶ ಹೇಳುತ್ತೆ, ನಿಜಕ್ಕೂ ಯಾವಾಗ ಬರುತ್ತೆ ಅಂತ ಕಬ್ಬು ಬೆಳೆದವರನ್ನೇ ಕೇಳಿ ತಾರೀಖು ಹಾಕೋದು ಕ್ಷೇಮ. ಖಾತೆ ಪುಸ್ತಕದಲ್ಲಿ ಹೆಸರಿನ ಮುಂದೆ ‘ತೊಗರಿ’, ‘ಕಬ್ಬು’, ‘ಪಗಾರ’ ಅಂತ ಒಂದು ಪದ ಬರೆದಿಟ್ಟುಕೊಂಡ ಬಾಗೇವಾಡಿಯ ಅಂಗಡಿಯವರೊಬ್ಬರನ್ನು ನೋಡಿದಾಗ, ಯಾವ ಸಾಫ್ಟ್‌ವೇರೂ ಇಷ್ಟು ಜಾಣತನದ ಕಾಲಂ ಇಟ್ಟಿಲ್ಲ ಅನ್ನಿಸ್ತು. ಅಂದಹಾಗೆ, ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ನಾವು ಅವರನ್ನು ಮಾತಿಗಾಗಿ ನೆನೆಯುತ್ತೇವೆ, ಆದರೆ ಬಿಜ್ಜಳನ ಆಳ್ವಿಕೆಯಲ್ಲಿ ಅವರು ಹೊತ್ತಿದ್ದು ಭಂಡಾರದ ಲೆಕ್ಕದ ಹೊಣೆ.

ಎರಡನೇದು, ನೆನಪಿಸುವ ಮೆಸೇಜ್. ಆ್ಯಪ್‌ಗಳಲ್ಲಿ ಬರುವ ‘ಡಿಯರ್ ಕಸ್ಟಮರ್, ನಿಮ್ಮ ಪಾವತಿ ಬಾಕಿ ಇದೆ’ ಅನ್ನೋ ರೆಡಿಮೇಡ್ ಸಾಲು ನೋಡಿದ್ರೆ ಕೋರ್ಟ್ ನೋಟಿಸ್ ಬಂದ ಹಾಗಿರುತ್ತೆ. ಬದಲಿಗೆ ಹೀಗೆ ಕಳಿಸಿ ನೋಡಿ:

‘ನಮಸ್ಕಾರ್ರಿ ಕಾಕಾ. ಜುಲೈ 8ಕ್ಕ ಒಯ್ದ ಗೊಬ್ಬರದ್ದು 6,400 ರೂಪಾಯಿ ಐತ್ರಿ. ರಾಶಿ ಆದ ಮ್ಯಾಲ ಕೊಡ್ತೀನಿ ಅಂದಿದ್ರಿ. ಜನವರಿ 20ರೊಳಗ ಆಗ್ತೈತೇನ್ರಿ? ಒಮ್ಮೆಗೇ ಆಗಲ್ಲಂದ್ರ ಅರ್ಧ ಈಗ, ಅರ್ಧ ಫೆಬ್ರವರಿಗೆ ಮಾಡೋಣ್ರಿ.’

ಇದರಲ್ಲಿ ಯಾವ ದಿನ, ಯಾವ ಸಾಮಾನು, ಎಷ್ಟು ದುಡ್ಡು ಎಲ್ಲ ಇದೆ. ‘ನೀವು ಕೊಟ್ಟಿಲ್ಲ’ ಅನ್ನೋ ಆರೋಪ ಇಲ್ಲ, ಅವರೇ ಆಡಿದ ಮಾತಿನ ನೆನಪಿದೆ. ಪೂರ್ತಿ ಆಗದಿದ್ರೆ ಏನು ಅನ್ನೋದಕ್ಕೂ ದಾರಿ ಇದೆ. ಮನುಷ್ಯ ತಪ್ಪಿಸಿಕೊಂಡು ಓಡಾಡೋದು ದಾರಿ ಕಾಣದಿದ್ದಾಗ. ಓದೋಕೆ ಬಾರದವರಿಗೆ ಇದನ್ನೇ ವಾಯ್ಸ್ ನೋಟ್ ಮಾಡಿ, ಆದ್ರೆ ಆ ಫೋನ್ ಮಕ್ಕಳ ಕೈಯಲ್ಲಿ ಇರುತ್ತಾ ಅಂತ ತಿಳ್ಕೊಂಡು ಕಳಿಸಿ. ಸಾಲದ ಮಾತು ಹತ್ತನೇ ಕ್ಲಾಸಿನ ಮಗನ ಕಿವಿಗೆ ಮೊದಲು ಬಿದ್ರೆ ಟವೆಲ್ ಜಾರಿದ ಹಾಗೆ.

‘ಉದ್ರಿ ಇಲ್ಲ’ ಅನ್ನೋದನ್ನೂ ಕಲೀಬೇಕು. ‘ಇಂದು ನಗದು, ನಾಳೆ ಉದ್ರಿ’ ಬೋರ್ಡ್ ತಮಾಷೆಗೆ ಚೆಂದ, ಅದನ್ನ ಓದಿ ಯಾರೂ ಉದ್ರಿ ಕೇಳೋದು ಬಿಟ್ಟಿಲ್ಲ. ಕಾರಣಗಳ ಸರಮಾಲೆ ಹೆಣೆದಷ್ಟೂ ಎದುರಿನವರು ಒಂದೊಂದಕ್ಕೂ ಉತ್ತರ ಹುಡುಕ್ತಾರೆ. ಒಂದೇ ಕಾರಣ, ಅದೂ ನಿಜವಾದದ್ದು ಸಾಕು: ‘ಹಳೇದು 3,000 ಐತ್ರಿ, ಅದು ಮುಗಿದ ಮ್ಯಾಲ ಹೊಸದು ಕೊಡ್ತೀನ್ರಿ. ಇವತ್ತಿಗೆ ಎರಡು ಚೀಲ ನಗದಾಗ ಒಯ್ರಿ.’

ತೀರ್ಮಾನ ಗೋವಾದಲ್ಲಿದೆ

ಮುದ್ದೇಬಿಹಾಳ ಸುತ್ತಿನ ಹಳ್ಳಿ, ತಾಂಡಾಗಳಲ್ಲಿ ಮನೆಯ ಗಂಡಸರು ಗೋವಾ, ಮಹಾರಾಷ್ಟ್ರಕ್ಕೆ ದುಡಿಯೋಕೆ ಹೋಗಿರೋದು ಸಾಮಾನ್ಯ. ಅಂಗಡಿಗೆ ಬಂದು ಹೊಲಿಗೆ ಯಂತ್ರವನ್ನೋ ಮಿಕ್ಸರನ್ನೋ ಮುಟ್ಟಿ ನೋಡುವವರು ಒಬ್ಬರು, ಸಂಜೆ ಫೋನ್‌ನಲ್ಲಿ ‘ಹೂಂ’ ಅನ್ನೋರು ಇನ್ನೊಬ್ಬರು, ಯುಪಿಐ ಮಾಡೋರು ಮತ್ತೊಬ್ಬರು. ಸೇಲ್ಸ್‌ಮನ್ ಹತ್ತು ನಿಮಿಷ ಚೆನ್ನಾಗಿ ವಿವರಿಸಿದ್ದು ಗೋವಾ ಮುಟ್ಟೋ ಹೊತ್ತಿಗೆ ‘ಏನೋ ಏಳು ಸಾವಿರ ಅಂತ’ ಅಂತ ಆಗಿರುತ್ತೆ.

ಇದಕ್ಕೆ ಮದ್ದು ಸುಲಭ. ಮಾತು ಮುಗಿದ ಮೇಲೆ ಆ ಅಕ್ಕನ ಫೋನಿಗೇ ಒಂದು ಫೋಟೊ, ಕೆಳಗೆ ನಾಲ್ಕು ವಿಷಯ ಕಳಿಸಿ: ಸಾಮಾನಿನ ಹೆಸರು, ಎಲ್ಲ ಸೇರಿ ಕೊನೇ ರೇಟ್, ವಾರಂಟಿ ಎಷ್ಟು ವರ್ಷ, ಕೆಟ್ಟರೆ ಎಲ್ಲಿಗೆ ತರಬೇಕು. ಅದನ್ನ ಅವರು ಹಾಗೇ ಫಾರ್ವರ್ಡ್ ಮಾಡ್ತಾರೆ, ನಿಮ್ಮ ಮಾತು ಕೆಡದೆ ಮುಟ್ಟುತ್ತೆ. ಮತ್ತೊಂದು ಮಾತು, ‘ಮನೆಯವರನ್ನ ಕರ್ಕೊಂಡು ಬರ್ರಿ’ ಅಂತ ಮಾತ್ರ ಅನ್ನಬೇಡಿ. ಎದುರಿಗೆ ನಿಂತವರೇ ಮನೆಯವರು. ದಿನಾ ಆ ಯಂತ್ರ ತುಳಿಯೋರೂ ಅವರೇ.

ನಿಂಬೆ ಮಾರೋರಿಗೆ

ಇಂಡಿ ಗಡಿಯ ತಾಲ್ಲೂಕು. ಸೊಲ್ಲಾಪುರ ಹತ್ತಿರ, ಹಾಗಾಗಿ ಇಲ್ಲಿನ ವ್ಯಾಪಾರಿಗಳು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಸಲೀಸಾಗಿ ಬೆಲೆ ಮಾತಾಡ್ತಾರೆ. ಇಂಡಿ ನಿಂಬೆಗೆ ಜಿಐ ಟ್ಯಾಗ್ ಸಿಕ್ಕಿದೆ, 2025ರ ಆಗಸ್ಟ್‌ನಲ್ಲಿ 3 ಟನ್ ಹಣ್ಣು ಯುಎಇಗೆ ಹೋಯ್ತು. ಈಗ ಓದಿದ ಹುಡುಗರು ಇನ್‌ಸ್ಟಾಗ್ರಾಂನಲ್ಲೂ ಮಾರೋಕೆ ಶುರು ಮಾಡಿದ್ದಾರೆ. ಪೋಸ್ಟ್ ಚೆಂದ ಇರುತ್ತೆ, ಹಿನ್ನೆಲೆಯಲ್ಲಿ ಹಾಡು, ‘ಪ್ರೀಮಿಯಂ ಕ್ವಾಲಿಟಿ’ ಅನ್ನೋ ಬರಹ. ಕೆಳಗೆ ಹತ್ತು ಜನ ‘ರೇಟ್?’ ಅಂತ ಕೇಳಿರ್ತಾರೆ, ಹತ್ತಕ್ಕೂ ‘ಮೆಸೇಜ್ ಮಾಡಿ’ ಅನ್ನೋ ಉತ್ತರ.

ದೂರದ ಹೋಟೆಲ್‌ನವರೋ ಉಪ್ಪಿನಕಾಯಿ ಮಾಡೋರೋ ನಿಮ್ಮ ಮುಖ ನೋಡಿಲ್ಲ, ಹಣ್ಣು ಹಿಚುಕಿ ನೋಡೋಕೂ ಆಗಲ್ಲ. ಅವರಿಗೆ ಬೇಕಿರೋದು ಚೀಲದಲ್ಲಿ ಎಷ್ಟು ಹಣ್ಣು, ಸೈಜ್ ಏನು, ಕಿತ್ತು ಎಷ್ಟು ದಿನ ಆಯ್ತು, ಸಾಗಾಣಿಕೆ ಸೇರಿ ಎಷ್ಟು, ದಾರಿಯಲ್ಲಿ ಕೊಳೆತರೆ ಯಾರ ಲೆಕ್ಕ. ನಿಂಬೆ ರೇಟ್ ಬೇಸಿಗೆಯಲ್ಲಿ ದಿನಕ್ಕೊಂದು ಆಗುತ್ತೆ ಅನ್ನೋದು ನಿಜ, ಅದಕ್ಕೇ ‘ಇವತ್ತು ಸಂಜೆ 6ರವರೆಗೆ ಈ ರೇಟ್’ ಅಂತ ಬರೆಯಿರಿ. ಜಿಐ ಹೆಸರು, ಲೋಗೊ ಹಾಕೋಕೆ ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿರಬೇಕು, ಅದನ್ನ ಇಂಡಿಯಲ್ಲೇ ಇರುವ ನಿಂಬೆ ಅಭಿವೃದ್ಧಿ ಮಂಡಳಿಯಲ್ಲಿ ವಿಚಾರಿಸಿ. ಮರಾಠಿ ಗಿರಾಕಿಗೆ ಮರಾಠಿಯಲ್ಲೇ ಮಾತಾಡಿ ಮುಗಿಸಿದ ಮೇಲೆ, ಅಂಕಿಗಳನ್ನು ಮಾತ್ರ ಬರೆದು ಒಮ್ಮೆ ಕಳಿಸಿ. ಭಾಷೆ ಯಾವುದೇ ಇರಲಿ, ಸಾಡೇತೀನ್‌ಶೇ ಅನ್ನೋದು ಮೂರುವರೆ ನೂರು ಅಂತ ಎಲ್ಲರಿಗೂ ಹೊಳೆಯಲ್ಲ.

ದಾಲ್ ಮಿಲ್, ಫ್ಯಾಬ್ರಿಕೇಶನ್, ಫ್ಲೆಕ್ಸ್ ಪ್ರಿಂಟಿಂಗ್ ಥರದ ಕೆಲಸ ಮಾಡಿ ದೊಡ್ಡ ಕಂಪನಿಗಳಿಗೆ ಕೊಡೋರಿಗೆ ಒಂದು ಕಾನೂನಿನ ಬಲವೂ ಇದೆ. ಉದ್ಯಮ್ ನೋಂದಣಿ ಇರುವ ಕಿರು, ಸಣ್ಣ ಉದ್ಯಮಕ್ಕೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕೊಳ್ಳುವವರು ಬರಹದಲ್ಲಿ ಒಪ್ಪಿದ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಬರಹದ ಒಪ್ಪಂದ ಇಲ್ಲದಿದ್ರೆ 15 ದಿನ. ತಪ್ಪಿದ್ರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬರೀ ತಂದು ಮಾರುವ ವ್ಯಾಪಾರಿಗಳಿಗೆ ಈ ಸೌಲಭ್ಯ ಇಲ್ಲ. ಈ ಲೆಕ್ಕವೆಲ್ಲ ಶುರುವಾಗೋದು ಅವರು ಮಾಲು ಒಪ್ಪಿಕೊಂಡ ದಿನದಿಂದ. ಆದ್ದರಿಂದ ಮಾಲು ಇಳಿಸಿದ ದಿನವೇ ಬಿಲ್ಲಿನ ಮೇಲೆ ತಾರೀಖು ಹಾಕಿಸಿ ಸಹಿ ತಗೊಳ್ಳಿ, ಅಲ್ಲೇ ನಿಂತು ಅದರ ಫೋಟೊ ತೆಗೆದು ಅವರ ನಂಬರಿಗೇ ಕಳಿಸಿ. ಎರಡು ನೀಲಿ ಟಿಕ್ ಬಿದ್ದ ಮೇಲೆ ಬೈಕ್ ಸ್ಟಾರ್ಟ್ ಮಾಡಿ.