ತಿಂಡಿಯ ತಟ್ಟೆಯೂ ಲೆಕ್ಕದ ಪುಸ್ತಕವೂ
ಕಡೂರು, ತರೀಕೆರೆ, ಅಜ್ಜಂಪುರದ ಸಿಹಿತಿಂಡಿ ಅಂಗಡಿಗಳು ಹಾಗೂ ಉಪಾಹಾರ ಗೃಹಗಳು: ಒಂದು ಅವಲೋಕನ

ಒಂದು ಊರಿನ ವ್ಯಾಪಾರದ ಸ್ಥಿತಿಗತಿಯನ್ನು ಅರಿಯಬೇಕಾದರೆ ಮೊದಲು ಅಲ್ಲಿನ ಹೋಟೆಲಿನ ಗಲ್ಲಾದ ಪಕ್ಕದಲ್ಲಿ ಅರ್ಧ ಗಂಟೆ ಕುಳಿತಿರಬೇಕೆಂದು ನನ್ನ ಹಿರಿಯ ಲೆಕ್ಕಪರಿಶೋಧಕರು ಹೇಳುತ್ತಿದ್ದರು. ಈರುಳ್ಳಿಗೆ ಬೆಲೆ ಬಂದ ವಾರ ಅಜ್ಜಂಪುರದಲ್ಲಿ ಮಸಾಲೆದೋಸೆ ಹೆಚ್ಚು ಖರ್ಚಾಗುತ್ತದೆ. ಕೊಬ್ಬರಿ ಬೆಲೆ ಕುಸಿದ ವಾರ ಕಡೂರಿನಲ್ಲಿ ಇಬ್ಬರು ಒಂದು ಕಾಫಿಯನ್ನು ಬೈಟೂ ಮಾಡಿಕೊಳ್ಳುತ್ತಾರೆ. ತರೀಕೆರೆಯಲ್ಲಿ ಅಡಿಕೆ ಕೊಯ್ಲು ಮುಗಿದ ಮೇಲೆ ಸಿಹಿತಿಂಡಿ ಅಂಗಡಿಯ ತಕ್ಕಡಿಗೆ ಬಿಡುವಿರುವುದಿಲ್ಲ. ಉಪಾಹಾರ ಗೃಹವು ಊರಿನ ನಾಡಿಯಿದ್ದಂತೆ.

ಲೆಕ್ಕಪತ್ರಗಳ ಕೆಲಸದ ನಿಮಿತ್ತ ಈ ಮೂರು ತಾಲ್ಲೂಕುಗಳಲ್ಲಿ ಮೂವತ್ತು ವರ್ಷಗಳಿಂದ ಓಡಾಡುತ್ತಿರುವ ನಾನು, ಇತ್ತೀಚೆಗೆ ಒಂದು ವಾರ ಕಾಲ ಉದ್ದೇಶಪೂರ್ವಕವಾಗಿ ಬೇರೆ ಬೇರೆ ಅಂಗಡಿಗಳಲ್ಲಿ ತಿಂಡಿ ತಿಂದು, ಕಂಡದ್ದನ್ನು ಟಿಪ್ಪಣಿ ಮಾಡಿಕೊಂಡೆನು. ಅಂಗಡಿಗಳ ಹೆಸರುಗಳನ್ನು ಇಲ್ಲಿ ಬರೆದಿಲ್ಲ. ಅವುಗಳಲ್ಲಿ ಕೆಲವು ನನ್ನ ಕಕ್ಷಿದಾರರವು. ಹೊಗಳಿದರೆ ಪಕ್ಷಪಾತ, ತೆಗಳಿದರೆ ವೃತ್ತಿಧರ್ಮಕ್ಕೆ ಲೋಪ.

ಬೆಣ್ಣೆ ಚಾವಡಿಯ ನಾಡು

ಅಜ್ಜಂಪುರವೆಂದೊಡನೆ ನೆನಪಾಗುವುದು ಅಮೃತಮಹಲ್ ತಳಿ ಸಂವರ್ಧನ ಕೇಂದ್ರ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ದನಗಳ ಇಲಾಖೆಗೆ 'ಬೆಣ್ಣೆ ಚಾವಡಿ' ಎಂಬ ಹೆಸರಿತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದು ಅಮೃತಮಹಲ್ ಆಯಿತು. ಅರಮನೆಗೆ ಹಾಲು ಬೆಣ್ಣೆ ಒದಗಿಸಿದ ಪರಂಪರೆಯ ಊರಿನಲ್ಲಿ ಇಂದು ಬೆಣ್ಣೆದೋಸೆಯ ಬೆಣ್ಣೆ ಪೊಟ್ಟಣದಲ್ಲಿ ಬರುತ್ತದೆ. ಇದು ದೂರಲ್ಲ, ವ್ಯಾಪಾರದ ವಾಸ್ತವ. ಪೊಟ್ಟಣದ ಬೆಣ್ಣೆಗೆ ಬಿಲ್ಲು ಇರುತ್ತದೆ, ತೂಕ ಖಚಿತವಾಗಿರುತ್ತದೆ. ಆದರೆ ಹಳ್ಳಿಯಿಂದ ಬಂದ ಬೆಣ್ಣೆಯನ್ನು ಈಗಲೂ ಕೊಂಡು ಬಳಸುವ ಒಂದು ಚಿಕ್ಕ ಹೋಟೆಲಿನಲ್ಲಿ ನಾನು ತಿಂದ ದೋಸೆ, ಈ ವಾರದ ತಿಂಡಿಗಳಲ್ಲೆಲ್ಲ ಉತ್ತಮವಾಗಿತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಮಲೆನಾಡು ಮತ್ತು ಬಯಲುಸೀಮೆ ಕೂಡುವ ಪ್ರದೇಶವಾದ್ದರಿಂದ ಇಲ್ಲಿನ ರುಚಿಯೂ ಎರಡು ಬಗೆಯದು. ತರೀಕೆರೆಯ ಕಡೆ ಬೆಳಗಿನ ಹೊತ್ತು ಅಕ್ಕಿರೊಟ್ಟಿ, ಕಡುಬು ಕಾಣಸಿಗುತ್ತವೆ. ದಾವಣಗೆರೆ, ಚಿತ್ರದುರ್ಗದ ಸೀಮೆಗೆ ಹತ್ತಿರವಾದ ಅಜ್ಜಂಪುರದಲ್ಲಿ ಸಂಜೆಯಾದರೆ ಖಾರ ಮಂಡಕ್ಕಿ ಹಾಗೂ ಮೆಣಸಿನಕಾಯಿ ಬಜ್ಜಿಯ ಮುಂದೆ ಜನ ಸೇರುತ್ತಾರೆ. ಕಡೂರು, ಬೀರೂರುಗಳಲ್ಲಿ ರೈಲು ಮತ್ತು ಬಸ್ಸಿನ ಪ್ರಯಾಣಿಕರೇ ಗಿರಾಕಿಗಳು. ಅವರಿಗೆ ಬೇಕಾದುದು ಬಿಸಿ, ಶುಚಿ ಮತ್ತು ಶೀಘ್ರತೆ. ಬೀರೂರು ಜಂಕ್ಷನ್ನಿನ ಸಮೀಪದಲ್ಲಿ ನಾನು ತಿಂದ ಇಡ್ಲಿ ಮೂರು ನಿಮಿಷದಲ್ಲಿ ಬಂದಿತು, ಬಿಸಿಯಾಗಿತ್ತು. ಆದರೆ ಬಿಲ್ಲು ಕೇಳಿದಾಗ ಗಲ್ಲಾದಲ್ಲಿದ್ದವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಒಂದು ಕೊರತೆಯನ್ನು ಹೇಳಬೇಕು. ತೆಂಗಿನ ಸೀಮೆಯಾದ ಕಡೂರಿನ ಸಿಹಿತಿಂಡಿ ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿ ನಾನು ಕಂಡದ್ದು ಎಲ್ಲೆಡೆ ಸಿಗುವ ಜಹಾಂಗೀರು, ಬಾದಷಾ, ಬಣ್ಣದ ಬರ್ಫಿಗಳು. ಕೊಬ್ಬರಿ ಮಿಠಾಯಿ ಮೂಲೆಯಲ್ಲಿತ್ತು. ಮದ್ದೂರು ಎಂಬ ಊರನ್ನು ರೈಲು ನಿಲ್ದಾಣದ ಒಂದು ವಡೆ ನಾಡಿಗೆಲ್ಲ ಪರಿಚಯಿಸಿತು. ಧಾರವಾಡದ ಪೇಡೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆಯಿತು. ಮಂಗಳೂರಿನಲ್ಲಿ 1975ರಲ್ಲಿ ಆರಂಭವಾದ ಐಡಿಯಲ್ ಐಸ್‌ಕ್ರೀಂ ಒಂದು ಪಾರ್ಲರಿನಿಂದ ಉದ್ದಿಮೆಯಾಗಿ ಬೆಳೆಯಿತು. ಊರಿನ ಸರಕನ್ನೇ ಊರಿನ ಹೆಸರಿನಲ್ಲಿ ಮಾರುವ ಧೈರ್ಯ ನಮ್ಮ ಮಿಠಾಯಿ ತಯಾರಕರಿಗೂ ಬರಬೇಕಾಗಿದೆ.

ಒಂದು ದೋಸೆಯ ಲೆಕ್ಕ

ರುಚಿಯನ್ನು ನಾಲಿಗೆ ಹೇಳುತ್ತದೆ, ಲಾಭವನ್ನು ಲೆಕ್ಕವೇ ಹೇಳಬೇಕು. ಉದಾಹರಣೆಗೆ 50 ರೂಪಾಯಿಗೆ ಮಾರುವ ಒಂದು ಮಸಾಲೆದೋಸೆಯನ್ನು ತೆಗೆದುಕೊಳ್ಳೋಣ. ಅಕ್ಕಿ, ಉದ್ದು, ಪಲ್ಯ, ಚಟ್ನಿ, ಎಣ್ಣೆ ಬೆಣ್ಣೆಗೆ 19 ರೂಪಾಯಿ. ಗ್ಯಾಸಿಗೆ 4. ಭಟ್ಟರು ಮತ್ತು ಸಪ್ಲೈಯರ್ ಸಂಬಳದ ಪಾಲು 12. ಬಾಡಿಗೆ, ವಿದ್ಯುತ್ತು, ನೀರು 5. ಉಳಿದು ಚೆಲ್ಲುವ ಹಿಟ್ಟು, ಪಲ್ಯಕ್ಕೆ 2. ಒಟ್ಟು 42. ಉಳಿದದ್ದು 8 ರೂಪಾಯಿ. ಮಾಲೀಕರು ಜಿಎಸ್‌ಟಿಯ ರಾಜಿ ತೆರಿಗೆ ಪದ್ಧತಿಯಲ್ಲಿದ್ದರೆ ಅದರಲ್ಲಿ ಎರಡೂವರೆ ರೂಪಾಯಿ ತೆರಿಗೆ. ಕೈಗೆ ದಕ್ಕುವುದು ಐದೂವರೆ ರೂಪಾಯಿ. ಇದರಲ್ಲಿ ಮುಂಜಾನೆ ನಾಲ್ಕಕ್ಕೆ ಎದ್ದು ಹಿಟ್ಟು ನೋಡುವ ಮಾಲೀಕರ ಸ್ವಂತ ಸಂಬಳ ಸೇರಿಲ್ಲ.

ಈರುಳ್ಳಿ, ಉದ್ದಿನಬೇಳೆಗಳ ಬೆಲೆಯೇರಿ ದೋಸೆಯೊಂದಕ್ಕೆ ಎರಡು ರೂಪಾಯಿ ಖರ್ಚು ಹೆಚ್ಚಿದರೆ ಲಾಭದ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಕರಗಿಹೋಗುತ್ತದೆ. ನಾನು ಮಾತನಾಡಿಸಿದ ಮಾಲೀಕರಲ್ಲಿ ಹೆಚ್ಚಿನವರಿಗೆ ತಮ್ಮ ದಿನದ ಗಲ್ಲಾ ಎಷ್ಟೆಂದು ಗೊತ್ತಿತ್ತು. ಒಂದು ತಟ್ಟೆಯ ವೆಚ್ಚ ಎಷ್ಟೆಂದು ಗೊತ್ತಿದ್ದವರು ಒಬ್ಬರೇ. ಆಕೆ ಬಸ್‌ ನಿಲ್ದಾಣದ ಬಳಿ ಹೋಳಿಗೆ ಮಾಡಿ ಮಾರುವ ಗೃಹಿಣಿ. ಬೆಲ್ಲದ ದರ ಬದಲಾದ ದಿನವೇ ಕ್ಯಾಲೆಂಡರಿನ ಮೇಲೆ ಬರೆದಿಡುತ್ತಾರೆ.

ಇಪ್ಪತ್ತು ಲಕ್ಷದ ಗೆರೆ

ಈಗ ಗಂಭೀರವಾದ ವಿಷಯಕ್ಕೆ ಬರುತ್ತೇನೆ. 2025ರ ಜುಲೈ ತಿಂಗಳಲ್ಲಿ, ಯುಪಿಐ ಮೂಲಕ ಬಂದ ಹಣದ ಮಾಹಿತಿಯನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದ್ದು ವಾಚಕರಿಗೆ ತಿಳಿದಿದೆ. ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಗಳವರೇ ಹೆಚ್ಚು ಕಂಗಾಲಾದರು. ಆ ತಿಂಗಳು ನನ್ನ ಕಚೇರಿಗೆ ಬಂದವರಲ್ಲಿ ಸಿಹಿತಿಂಡಿ ಹಾಗೂ ಕಾಫಿ ಅಂಗಡಿಯ ಒಬ್ಬ ಹಳೆಯ ಕಕ್ಷಿದಾರರಿದ್ದರು. ಕಾಗದವನ್ನು ಮೇಜಿನ ಮೇಲಿಟ್ಟು, "ಆಡಿಟರ್ ಸಾರ್, ಬಾಗಿಲು ಹಾಕಿಬಿಡ್ಲಾ?" ಎಂದು ಕೇಳಿದರು. ಅವರ ತಂದೆಯ ಕಾಲದ ಅಂಗಡಿಯದು.

ಇಲ್ಲಿ ನನ್ನ ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಅವರ ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುತ್ತಿದ್ದವನು ನಾನೇ. ಅಂದಾಜು ಲಾಭದ ಪದ್ಧತಿಯಲ್ಲಿ, ಅವರು ಬಾಯಲ್ಲಿ ಹೇಳಿದ 13-14 ಲಕ್ಷದ ವಹಿವಾಟನ್ನು ವರ್ಷವರ್ಷವೂ ಬರೆದೆನೇ ಹೊರತು, ಬ್ಯಾಂಕಿನ ಪಾಸ್‌ಬುಕ್ ತೋರಿಸಿರೆಂದು ಒಮ್ಮೆಯೂ ಕೇಳಿರಲಿಲ್ಲ. ಸಣ್ಣ ಅಂಗಡಿ, ಪರಿಚಿತ ಮನುಷ್ಯ ಎಂಬ ಸಲಿಗೆ ಅದಕ್ಕೆ ಕಾರಣ.

ಅವರ ತಿಳಿವಳಿಕೆಯಲ್ಲಿದ್ದ ಮಿತಿ 40 ಲಕ್ಷ. ಅದು ಕೇವಲ ಸರಕುಗಳನ್ನು ಮಾರುವವರಿಗೆ ಅನ್ವಯಿಸುವ ಮಿತಿ. ಕುರ್ಚಿ ಹಾಕಿ ಕಾಫಿ, ತಿಂಡಿ ಬಡಿಸಿದೊಡನೆ ಅದು ಸೇವೆಯಾಗುತ್ತದೆ. ಸೇವೆಗೆ ನೋಂದಣಿಯ ಮಿತಿ 20 ಲಕ್ಷ. ದಿನವೂ ಬಾಗಿಲು ತೆರೆಯುವ ಅಂಗಡಿಯಲ್ಲಿ ದಿನಕ್ಕೆ 5,500 ರೂಪಾಯಿ ವ್ಯಾಪಾರವಾದರೆ ವರ್ಷಕ್ಕೆ 20 ಲಕ್ಷ 7 ಸಾವಿರದ 500 ಆಗುತ್ತದೆ. ಬಸ್‌ ನಿಲ್ದಾಣದ ಬಳಿಯ ಯಾವ ಸಾಧಾರಣ ಹೋಟೆಲಿಗೂ ಇದು ದೊಡ್ಡ ಮೊತ್ತವಲ್ಲ.

ಇಬ್ಬರೂ ಕುಳಿತು ಲೆಕ್ಕ ಬರೆದೆವು. 2024-25ರಲ್ಲಿ ಖಾತೆಗೆ ಬಂದಿದ್ದ ಒಟ್ಟು ಹಣ 26.40 ಲಕ್ಷ. ಅದರಲ್ಲಿ ಮಗ ಅಡಿಕೆ ಮಾರಿದ ಹಣ, ಚೀಟಿ ಎತ್ತಿದ ಹಣ, ತಂಗಿಯ ಮದುವೆಗೆ ನೆಂಟರು ಕಳುಹಿಸಿದ ಹಣ ಸೇರಿ 5.10 ಲಕ್ಷ. ಇವು ವ್ಯಾಪಾರದ ಹಣವಲ್ಲ. ದಾಖಲೆ ಸಹಿತ ಕಳೆದೆವು. ಉಳಿದದ್ದು 21.30 ಲಕ್ಷ. ಬಳಿಕ ಹಾಲಿನ ಬಿಲ್ಲು ಮತ್ತು ಗ್ಯಾಸ್ ಸಿಲಿಂಡರುಗಳ ಲೆಕ್ಕ ಹಿಡಿದು ನಗದು ವ್ಯಾಪಾರವನ್ನು 4 ಲಕ್ಷವೆಂದು ಅಂದಾಜಿಸಿ ಸೇರಿಸಿದೆನು. ಆಗ ಅವರು ಮುನಿಸಿಕೊಂಡರು. "ಅವರು ಕೇಳದೇ ಇರೋದನ್ನ ನೀವ್ಯಾಕೆ ಬರೀತೀರಿ ಸಾರ್?" ಎಂದರು. ಕಳೆಯುವಾಗ ನಮ್ಮ ಮಾತನ್ನು ನಂಬಬೇಕೆಂದು ಕೇಳುವವರು, ಕೂಡುವಾಗ ಬಚ್ಚಿಟ್ಟರೆ ಎರಡನ್ನೂ ಯಾರೂ ನಂಬುವುದಿಲ್ಲ ಎಂದು ವಿವರಿಸಿದೆನು. ಎರಡು ದಿನ ಅವರು ಕಚೇರಿಯ ಕಡೆ ಬರಲಿಲ್ಲ. ಮೂರನೆಯ ದಿನ ಬಂದು ಸಹಿ ಮಾಡಿದರು.

ಒಟ್ಟು 25.30 ಲಕ್ಷ. ಹಿಂದಿನ ವರ್ಷಗಳು ಮಿತಿಯೊಳಗಿದ್ದವು. ಮಿತಿಯನ್ನು ದಾಟಿದ 5.30 ಲಕ್ಷಕ್ಕೆ ಶೇಕಡಾ 5ರಂತೆ ತೆರಿಗೆ 26,500 ರೂಪಾಯಿ, ಮೇಲೆ ಬಡ್ಡಿ. ಬಾಗಿಲು ಮುಚ್ಚುವಷ್ಟು ಭಯ ಹುಟ್ಟಿಸಿದ್ದ ಬಾಬತ್ತಿನ ಗಾತ್ರ ಇಷ್ಟೇ. ಅದೇ ಜುಲೈ ತಿಂಗಳಿನಲ್ಲಿ ಮುಖ್ಯಮಂತ್ರಿಗಳು ವರ್ತಕರ ಪ್ರತಿನಿಧಿಗಳೊಡನೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಳ್ಳುವವರಿಗೆ ಹಳೆಯ ಬಾಕಿಯ ವಿಚಾರದಲ್ಲಿ ವಿನಾಯಿತಿಯ ಭರವಸೆಯನ್ನು ನೀಡಿದರು. ಆದರೆ ಆ ಭರವಸೆ ಹಿಂದಿನದಕ್ಕೆ. ಮುಂದಿನದಕ್ಕೆ ಕಾಯಿದೆ ಇದ್ದ ಹಾಗೆಯೇ ಇದೆ. ಆತ ನೋಂದಣಿ ಮಾಡಿಸಿದರು, ಆದಾಯ ತೆರಿಗೆಯ ಹಿಂದಿನ ರಿಟರ್ನುಗಳನ್ನೂ ತಿದ್ದಿ ಸಲ್ಲಿಸಿದರು. ಅಂಗಡಿ ಇಂದಿಗೂ ನಡೆಯುತ್ತಿದೆ.

ಆ ದಿನಗಳಲ್ಲಿ ಅನೇಕ ಅಂಗಡಿಗಳವರು ಕ್ಯೂಆರ್ ಫಲಕವನ್ನು ತೆಗೆದು 'ನಗದು ಮಾತ್ರ' ಎಂದು ಬರೆದರು. ಇದು ಪರಿಹಾರವಲ್ಲ. ಜ್ವರ ಬಂದಾಗ ಉಷ್ಣಮಾಪಕವನ್ನು ಒಡೆದಂತೆ. ನಾಳೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ, ಇದೇ ಖಾತೆಯ ಜಮೆಗಳೇ ವ್ಯಾಪಾರಕ್ಕೆ ಸಾಕ್ಷಿಯಾಗುತ್ತವೆ.

ಯಾವ ಪದ್ಧತಿ ಲೇಸು?

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಹವಾನಿಯಂತ್ರಣವಿಲ್ಲದ ಹೋಟೆಲುಗಳಿಗೆ ಶೇ. 12, ಹವಾನಿಯಂತ್ರಿತ ಹೋಟೆಲುಗಳಿಗೆ ಶೇ. 18 ತೆರಿಗೆಯಿತ್ತು. ಅದೇ ವರ್ಷ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳಿಗೆ ಶೇ. 5 ಆಯಿತು. ಆದರೆ ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಕಳೆದುಕೊಳ್ಳುವ ಅವಕಾಶ ಹೋಯಿತು. ವಾರ್ಷಿಕ ವಹಿವಾಟು ಒಂದೂವರೆ ಕೋಟಿಯೊಳಗಿದ್ದು, ಮದ್ಯ ಮಾರದ ಹೋಟೆಲುಗಳು ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಅಲ್ಲಿಯೂ ದರ ಶೇ. 5. ವ್ಯತ್ಯಾಸವೆಂದರೆ, ರಾಜಿ ಪದ್ಧತಿಯವರು ಗಿರಾಕಿಯಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲಿ ಮಾಡುವಂತಿಲ್ಲ, ಲೆಕ್ಕ ಸಲ್ಲಿಸುವ ಹೊರೆ ಕಡಿಮೆ. ದರಪಟ್ಟಿಯ ಬೆಲೆಗೇ ತಿಂಡಿ ಕೊಡುವ ನಮ್ಮ ಊರುಗಳ ಅಂಗಡಿಗೆ ಇದು ಅನುಕೂಲ. ಒಂದು ಎಚ್ಚರಿಕೆಯಿದೆ. ತಾವೇ ಐಸ್‌ಕ್ರೀಂ ತಯಾರಿಸುವವರಿಗೆ ರಾಜಿ ಪದ್ಧತಿ ದೊರೆಯುವುದಿಲ್ಲ. ತರೀಕೆರೆಯಲ್ಲಿ ಮನೆಯಲ್ಲೇ ಕುಲ್ಫಿ ತಯಾರಿಸಿ ಹೋಟೆಲಿನಲ್ಲಿ ಮಾರುವ ಯುವಕನೊಬ್ಬನಿಗೆ ಇದು ತಿಳಿದಿರಲಿಲ್ಲ. ಕುಲ್ಫಿಯೇನೋ ಸೊಗಸಾಗಿತ್ತು.

2025ರ ಸೆಪ್ಟೆಂಬರ್ 22ರಿಂದ ಐಸ್‌ಕ್ರೀಂ, ಕೇಕು, ಬಿಸ್ಕತ್ತುಗಳ ತೆರಿಗೆ ಶೇ. 18ರಿಂದ 5ಕ್ಕೆ ಇಳಿಯಿತು. ಪೊಟ್ಟಣದ ಖಾರಾ ಮಿಕ್ಸ್ಚರ್, ತುಪ್ಪ, ಬೆಣ್ಣೆಗಳದು ಶೇ. 12ರಿಂದ 5ಕ್ಕೆ ಇಳಿಯಿತು. ನಾನು ಭೇಟಿಯಿತ್ತ ಒಂದು ಪಾರ್ಲರಿನ ಗೋಡೆಯ ಮೇಲೆ ಹಳೆಯ ದರಪಟ್ಟಿಯೇ ಇತ್ತು. ಇಳಿಕೆಯ ಲಾಭ ಗಿರಾಕಿಗೆ ಸೇರಬೇಕಾದದ್ದು. ದರ ಇಳಿಸಿದ ಅಂಗಡಿ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದರೆ ಅದಕ್ಕಿಂತ ಉತ್ತಮ ಜಾಹೀರಾತು ಬೇರಿಲ್ಲ.

ಬಣ್ಣ, ಎಣ್ಣೆ, ತೂಕ

ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರವು 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಆದರೂ ಒಂದು ಗಾಡಿಯ ಗೋಬಿ ನನ್ನ ಬೆರಳಿಗೆ ಕೆಂಪು ಬಳಿಯಿತು. ನಾನು ತಿನ್ನದೆ ಎದ್ದು ಬಂದೆನು. ಪಕ್ಕದ ಗಾಡಿಯವರು ಬಣ್ಣವಿಲ್ಲದೆ ಕೊಡುತ್ತಿದ್ದರು, ಅವರ ಮುಂದೆಯೇ ಜನ ಹೆಚ್ಚಿದ್ದರು. ಬಿಡಿಯಾಗಿ ಮಾರುವ ಸಿಹಿತಿಂಡಿಯ ತಟ್ಟೆಯ ಮುಂದೆ 'ಯಾವ ದಿನಾಂಕದೊಳಗೆ ತಿನ್ನಬೇಕು' ಎಂಬುದನ್ನು ಬರೆಯಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಇದೆ. ನಾನು ಕಂಡ ಏಳು ಅಂಗಡಿಗಳಲ್ಲಿ ಪಾಲಿಸಿದ್ದವರು ಇಬ್ಬರು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದಕ್ಕೂ ಮಿತಿಯಿದೆ. ಇನ್ನು ತೂಕ. ಮಿಠಾಯಿಯ ಜೊತೆ ರಟ್ಟಿನ ಡಬ್ಬಿಯನ್ನೂ ತೂಗುವ ಹಳೆಯ ಚಾಳಿ ಕೆಲವೆಡೆ ಉಳಿದಿದೆ. ಕಿಲೋಗೆ ಐನೂರು ರೂಪಾಯಿಯ ಮಿಠಾಯಿಯಲ್ಲಿ ಐವತ್ತು ಗ್ರಾಂ ಡಬ್ಬಿ ಸೇರಿದರೆ ಗಿರಾಕಿ ರಟ್ಟಿಗೆ ಇಪ್ಪತ್ತೈದು ರೂಪಾಯಿ ತೆತ್ತಂತಾಯಿತು. ಗಿರಾಕಿ ಹೇಳದಿರಬಹುದು, ಮರೆಯುವುದಿಲ್ಲ.

ಕೊನೆಯದಾಗಿ

ಸಣ್ಣ ಉಪಾಹಾರ ಗೃಹ ನಡೆಸುವ ಸದಸ್ಯರಲ್ಲಿ ನನ್ನ ವಿನಂತಿ ನಾಲ್ಕು. ವ್ಯಾಪಾರಕ್ಕೆ ಪ್ರತ್ಯೇಕ ಖಾತೆ ಮತ್ತು ಪ್ರತ್ಯೇಕ ಕ್ಯೂಆರ್ ಇರಲಿ, ಮನೆಯ ಹಣ ಅದರಲ್ಲಿ ಬೆರೆಯದಿರಲಿ. ಪ್ರತಿ ರಾತ್ರಿ ನಗದು ಎಷ್ಟು, ಯುಪಿಐ ಎಷ್ಟು ಎಂದು ಎರಡು ಸಾಲು ಬರೆಯಿರಿ. ತಿಂಗಳಿಗೊಮ್ಮೆ ಮುಖ್ಯ ತಿಂಡಿಗಳ ತಟ್ಟೆವಾರು ವೆಚ್ಚ ಹಾಕಿರಿ. ಏಪ್ರಿಲ್‌ನಿಂದ ಆದ ವಹಿವಾಟನ್ನು ಡಿಸೆಂಬರ್‌ನಲ್ಲಿ ಒಮ್ಮೆ ಕೂಡಿ ನೋಡಿರಿ. ಹದಿನೈದು ಲಕ್ಷ ದಾಟಿದ್ದರೆ ತಮ್ಮ ಲೆಕ್ಕಪರಿಶೋಧಕರನ್ನು ಕಾಣಿರಿ. ಲೆಕ್ಕಪರಿಶೋಧಕ ಮಿತ್ರರಲ್ಲಿ ವಿನಂತಿ ಒಂದೇ. ಪಾಸ್‌ಬುಕ್ ಕೇಳಿ ಪಡೆಯಿರಿ. ನಾನು ಕೇಳದೆ ಕಲಿತ ಪಾಠ ಸಾಕು.

ಕಳೆದ ವಾರ ಆ ಸಿಹಿತಿಂಡಿ ಅಂಗಡಿಗೆ ಹೋಗಿದ್ದೆನು. ಗೋಡೆಯ ಮೇಲೆ ನೋಂದಣಿ ಪತ್ರವಿತ್ತು, ಗಲ್ಲಾದ ಬಳಿ ದಪ್ಪ ರಟ್ಟಿನ ಒಂದು ಪುಸ್ತಕವಿತ್ತು. ಕೊಬ್ಬರಿ ಮಿಠಾಯಿಯನ್ನು ಡಬ್ಬಿ ಬಿಟ್ಟು ತೂಗಿದರು. ಹಣ ಬೇಡವೆಂದರು. ನಾನು ಹಣ ಕೊಟ್ಟು ಬಿಲ್ಲು ಕೇಳಿದೆನು. ನಗುತ್ತಲೇ ಬರೆದುಕೊಟ್ಟರು.