ಬೇಸಿಗೆಯಲ್ಲಿ ಪಂಪ್‌ಸೆಟ್ ಮೋಟಾರು ಸುಡುವುದೇಕೆ? ಉಷ್ಣತೆ ಮತ್ತು ವಿದ್ಯುತ್ ರೋಧ

ಬೆಳೆಗೆ ನೀರು ಅತ್ಯಗತ್ಯವಾಗಿರುವ ಬೇಸಿಗೆಯಲ್ಲೇ ಕೊಳವೆಬಾವಿಯ ಮೋಟಾರು ಸುಟ್ಟರೆ, ಅದನ್ನು ಮೇಲೆತ್ತಿ, ರಿವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವಷ್ಟರಲ್ಲಿ ಬೆಳೆ ಬಾಡಿರುತ್ತದೆ. ಈ ನಷ್ಟವನ್ನು ತಡೆಯಲು, ಮೋಟಾರಿನೊಳಗಿನ ತಾಮ್ರದ ತಂತಿ ಮತ್ತು ಅದರ ನಿರೋಧಕ ಹೊದಿಕೆ ಶಾಖಕ್ಕೆ ಹೇಗೆ ಪರಸ್ಪರ ವಿರುದ್ಧವಾಗಿ ವರ್ತಿಸುತ್ತವೆ ಎಂಬುದನ್ನು ರೈತರು ಅರಿತಿರಬೇಕು.

ತಾಮ್ರದ ತಂತಿ: ರೋಧ ಏರುತ್ತದೆ
ತಾಮ್ರವು ಬಿಸಿಯಾದಂತೆ ಅದರ ಪರಮಾಣುಗಳ ಕಂಪನ ಹೆಚ್ಚಿ, ಎಲೆಕ್ಟ್ರಾನ್‌ಗಳ ಚಲನೆಗೆ ಅಡ್ಡಿಯಾಗುತ್ತದೆ. ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ರೋಧವು ಸುಮಾರು ಶೇ. 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 2 ಓಮ್ ಇರುವ ಸುರುಳಿಯ ರೋಧ 90 ಡಿಗ್ರಿಯಲ್ಲಿ ಸುಮಾರು 2.55 ಓಮ್ ಆಗುತ್ತದೆ.

ವೋಲ್ಟೇಜ್ ಕುಸಿದಾಗ ಮೋಟಾರು ಅದೇ ಹೊರೆಯನ್ನು ನಿಭಾಯಿಸಲು ಹೆಚ್ಚು ವಿದ್ಯುತ್ ಪ್ರವಾಹವನ್ನು ಎಳೆಯುತ್ತದೆ. ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಪ್ರವಾಹ ಶೇ. 20ರಷ್ಟು ಹೆಚ್ಚಿದರೆ ಸುರುಳಿಯಲ್ಲಿ ಶಾಖ ಶೇ. 44ರಷ್ಟು ಹೆಚ್ಚುತ್ತದೆ. ಬಿಸಿಯಿಂದ ರೋಧ, ರೋಧದಿಂದ ಮತ್ತಷ್ಟು ಬಿಸಿ ಎಂಬಂತೆ ಇದು ಮುಂದುವರಿಯುತ್ತದೆ.

ನಿರೋಧಕ ಹೊದಿಕೆ: ರೋಧ ಇಳಿಯುತ್ತದೆ
ತಂತಿಯ ಮೇಲಿನ ಹೊದಿಕೆಯ ರೋಧವು, ಸಾಮಾನ್ಯ ಲೆಕ್ಕದಂತೆ, ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. 30 ಡಿಗ್ರಿಯಲ್ಲಿ 8 ಮೆಗಾ ಓಮ್ ಇದ್ದದ್ದು 50 ಡಿಗ್ರಿಯಲ್ಲಿ 2 ಮೆಗಾ ಓಮ್ ಆಗಬಹುದು. ಆದುದರಿಂದ ತಣ್ಣಗಿರುವಾಗ ಸರಿಯಾಗಿ ಕಂಡ ಮೋಟಾರಿನಲ್ಲಿಯೂ ಬಿಸಿಯಾದಾಗ ವಿದ್ಯುತ್ ಸೋರಿಕೆಯಾಗುವ ಸಾಧ್ಯತೆಯಿದೆ.

ಅನುಸರಿಸಬೇಕಾದ ಕ್ರಮಗಳು
1. ಓವರ್‌ಲೋಡ್ ರಿಲೇಯನ್ನು ಮೋಟಾರಿನ ನಾಮಫಲಕದಲ್ಲಿರುವ ಆಂಪಿಯರ್‌ಗೆ ಹೊಂದಿಸಿ. ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ಏರಿಸಬೇಡಿ.
2. ಟ್ರಿಪ್ ಆದ ಮೋಟಾರನ್ನು ತಕ್ಷಣ ಚಾಲೂ ಮಾಡಬೇಡಿ. ಚಾಲನೆಯ ಕ್ಷಣದಲ್ಲಿ ಪ್ರವಾಹವು ಹಲವು ಪಟ್ಟು ಹೆಚ್ಚಿರುತ್ತದೆ. ಮೋಟಾರು ತಣಿದ ಬಳಿಕ, ಕಾರಣ ಪತ್ತೆ ಮಾಡಿಯೇ ಚಾಲೂ ಮಾಡಿ.
3. ಕೊಳವೆಬಾವಿಯ ನೀರೇ ಮೋಟಾರನ್ನು ತಣಿಸುತ್ತದೆ. ನೀರಿನ ಮಟ್ಟ ಕುಸಿದಾಗ ಪಂಪು ನೀರಿಲ್ಲದೆ ಓಡದಂತೆ ಡ್ರೈ ರನ್ ರಕ್ಷಣೆ ಅಳವಡಿಸಿ.
4. ಸ್ಟಾರ್ಟರ್ ಮತ್ತು ಕೇಬಲ್ ಜೋಡಣೆಗಳನ್ನು ನುರಿತ ಎಲೆಕ್ಟ್ರಿಷಿಯನ್‌ರಿಂದ ಬಿಗಿಗೊಳಿಸಿ. ಸಡಿಲ ಜೋಡಣೆಯಲ್ಲಿ ರೋಧ ಹೆಚ್ಚಿ, ಅಲ್ಲಿಯೇ ಶಾಖ ಉಂಟಾಗುತ್ತದೆ.
5. ವಿದ್ಯುತ್ ಪೂರೈಕೆಯನ್ನು ಸಂಪೂರ್ಣ ಕಡಿತಗೊಳಿಸಿ, ಮೋಟಾರಿನ ಕೇಬಲನ್ನು ಸ್ಟಾರ್ಟರ್‌ನಿಂದ ಬಿಡಿಸಿದ ನಂತರವೇ ಮೆಗ್ಗರ್ ಪರೀಕ್ಷೆ ಮಾಡಿಸಿ. ಪ್ರತಿ ಬಾರಿಯೂ ರಾತ್ರಿಯಿಡೀ ನಿಂತು ತಣಿದ ಮೋಟಾರಿನಲ್ಲೇ ಅಳೆಯಿಸಿ, ದಿನಾಂಕದೊಂದಿಗೆ ಬರೆದಿಡಿ. ಒಂದೇ ಸ್ಥಿತಿಯಲ್ಲಿ ಪಡೆದ ಅಳತೆಗಳು ಸತತವಾಗಿ ಇಳಿಯುತ್ತಿದ್ದರೆ, ಬೇಸಿಗೆಗೆ ಮುನ್ನವೇ ದುರಸ್ತಿ ಕೈಗೊಳ್ಳುವುದು ಸೂಕ್ತ.